ಕುದಿವ ನೆಲದಲ್ಲಿ ‘ಇವತ್ತು ಬೇಡ’ ಎನ್ನುವ ಹಕ್ಕು

ನ್ಯೂಜಿಲೆಂಡಿಗೆ ಹೋಗುವ ಭಾರತೀಯರ ಪ್ರವಾಸಪಟ್ಟಿಯಲ್ಲಿ ರೊಟೊರುವಾ ತಪ್ಪುವುದು ಅಪರೂಪ. ಆಕ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರಿಗೂ ಅದು ಊರಿಂದ ಬಂದ ಹಿರಿಯರನ್ನು ಕರೆದೊಯ್ಯಲು ಅನುಕೂಲದ ಜಾಗ. ರಸ್ತೆಯಲ್ಲಿ ಮೂರು ಗಂಟೆಯ ಹಾದಿ. ಬೆಳಿಗ್ಗೆ ಬಸ್ಸು ಹತ್ತಿದರೆ ನೆಲದಿಂದ ಆಳೆತ್ತರಕ್ಕೂ ಮೀರಿ ಚಿಮ್ಮುವ ಬಿಸಿನೀರು, ಗುಳುಗುಳು ಕುದಿಯುವ ಕೆಸರು, ಕಿತ್ತಳೆ ಹಸಿರು ಬಣ್ಣದ ಕೊಳಗಳು, ಮಧ್ಯಾಹ್ನಕ್ಕೆ ಹಬೆಯಲ್ಲೇ ಬೆಂದ ಊಟ, ಸಂಜೆ ಗಂಧಕದ ವಾಸನೆಯ ನೀರಿನಲ್ಲಿ ಸ್ನಾನ, ರಾತ್ರಿಗೆ ವಾಪಸು. ಒಂದೇ ದಿನದಲ್ಲಿ ಜ್ವಾಲಾಮುಖಿಯ ನಾಡನ್ನು ನೋಡಿ, ಅದರ ನೀರಿನಲ್ಲಿ ಮೈ ಹಗುರ ಮಾಡಿಕೊಂಡು ಬರುವ ಈ ಬಗೆಯ ಪ್ರವಾಸ ಐಸ್‌ಲ್ಯಾಂಡ್, ಜಪಾನ್, ಇಂಡೋನೇಷ್ಯಾಗಳಲ್ಲೂ ಉಂಟು. ಎಲ್ಲ ಕಡೆಯೂ ಕರಪತ್ರದಲ್ಲಿ ಕಾಣುವುದು ನೋಟ ಮತ್ತು ಸ್ನಾನ. ಪ್ರವಾಸಿಗ ಕೊಡುವ ಹಣಕ್ಕೆ ಸಿಗಬೇಕಾದ ಮುಖ್ಯ ಸೇವೆ ಮಾತ್ರ ಅಲ್ಲಿ ಕಾಣುವುದಿಲ್ಲ. ಆ ಸೇವೆ ಎಂದರೆ ನೆಲವನ್ನು ಬಲ್ಲವರು ‘ಇಲ್ಲಿ ಕಾಲಿಡಬೇಡಿ’, ‘ಈ ನೀರಿಗೆ ಇಳಿಯಬೇಡಿ’, ‘ಇವತ್ತು ಹೋಗುವುದೇ ಬೇಡ’ ಎಂದು ಹೇಳುವುದು, ಹೇಳಿದ ಮಾತು ನಡೆಯುವುದು. ಇಂಥ ನೆಲದಲ್ಲಿ ಮಾರ್ಗದರ್ಶಿಯ ಬೆಲೆ ಇರುವುದು ತೋರಿಸುವುದಕ್ಕಿಂತ ತಡೆಯುವುದರಲ್ಲಿ. ಆ ಅಧಿಕಾರವನ್ನು ಟಿಕೆಟ್ಟಿಗೆ, ವೇಳಾಪಟ್ಟಿಗೆ, ಯೋಜನೆಗೆ ಅಡವಿಟ್ಟಾಗಲೆಲ್ಲ ಜನ ಸತ್ತಿದ್ದಾರೆ, ಇಲ್ಲವೇ ನೆಲ ಸತ್ತಿದೆ. ರೊಟೊರುವಾ ಸುತ್ತಲಿನ ಒಂದೂವರೆ ಶತಮಾನದ ಇತಿಹಾಸ ಇದಕ್ಕೆ ತೆರೆದಿಟ್ಟ ಸಾಕ್ಷ್ಯ.

ಮೊದಲು ನೆಲದ ವಿಚಾರ. ನ್ಯೂಜಿಲೆಂಡಿನ ಉತ್ತರ ದ್ವೀಪದ ಪೂರ್ವಕ್ಕೆ ಪೆಸಿಫಿಕ್ ಭೂಫಲಕ ಆಸ್ಟ್ರೇಲಿಯಾ ಫಲಕದ ಅಡಿಗೆ ತೂರಿಕೊಳ್ಳುತ್ತಿದೆ. ಅದರ ಫಲವಾಗಿ ಟೌಪೊ ಸರೋವರದಿಂದ ಸಮುದ್ರದೊಳಗಿನ ಫಕಾರಿ ದ್ವೀಪದವರೆಗೆ ಉದ್ದಕ್ಕೂ ಜ್ವಾಲಾಮುಖಿಗಳ, ಬಿಸಿ ಬುಗ್ಗೆಗಳ ಪಟ್ಟಿಯೊಂದು ಹಬ್ಬಿದೆ. ರೊಟೊರುವಾ ಪಟ್ಟಣ ಕುಳಿತಿರುವುದೇ ಸುಮಾರು 2,40,000 ವರ್ಷಗಳ ಹಿಂದೆ ಭಾರಿ ಸ್ಫೋಟವೊಂದರ ನಂತರ ಕುಸಿದ ಬೃಹತ್ ಕುಳಿಯಲ್ಲಿ. ಊರಿನ ಸರೋವರ ಆ ಕುಳಿಯಲ್ಲಿ ನಿಂತ ನೀರು. ಮಳೆನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಕಾದ ಶಿಲೆ ತಾಗಿ, ಕರಗುವ ಸಿಲಿಕಾ, ಗಂಧಕ, ಆರ್ಸೆನಿಕ್‌ಗಳನ್ನು ಹೊತ್ತು ಮತ್ತೆ ಮೇಲೇರುತ್ತದೆ. ಆಳದಲ್ಲಿ ಒತ್ತಡ ಹೆಚ್ಚಿರುವುದರಿಂದ ನೂರು ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಮೇಲಿನ ಒತ್ತಡ ಸ್ವಲ್ಪ ಸಡಿಲಿದ ಕ್ಷಣದಲ್ಲಿ ಕುಕ್ಕರ್ ಸೀಟಿ ಹೊಡೆದಂತೆ ಒಮ್ಮೆಲೇ ಹಬೆಯಾಗಿ, ತನ್ನ ಮೇಲಿನ ನೀರನ್ನು ಆಕಾಶಕ್ಕೆ ಎತ್ತಿ ಎಸೆಯುತ್ತದೆ. ಇದೇ ಚಿಮ್ಮುಬುಗ್ಗೆ. ರೊಟೊರುವಾದ ಫಕರೆವರೆವಾ ಕಣಿವೆಯ ಪೊಹುಟು ಚಿಮ್ಮುಬುಗ್ಗೆ ಹೀಗೆ ಮೂವತ್ತು ಮೀಟರ್‌ವರೆಗೂ ಏರುತ್ತದೆ. ಅಂದರೆ ನಾವು ನೋಡಲು ಹೋಗುವ ಅಂದ, ಮುಳುಗಲು ಹೋಗುವ ಹಿತ, ಹೆದರಬೇಕಾದ ಅಪಾಯ ಈ ಮೂರೂ ಹುಟ್ಟುವುದು ಒಂದೇ ಶಾಖದಿಂದ, ಒಂದೇ ಒತ್ತಡದಿಂದ. ಅಪಾಯವನ್ನು ತೆಗೆದು ಅಂದವನ್ನಷ್ಟೇ ಉಳಿಸುವ ಉಪಾಯ ಯಾರ ಬಳಿಯೂ ಇಲ್ಲ. ಉಳಿಯುವುದು ಒಂದೇ ದಾರಿ: ಎಲ್ಲಿ, ಯಾವಾಗ, ಎಷ್ಟು ಹತ್ತಿರ ಎಂಬುದನ್ನು ಬಲ್ಲವರ ತೀರ್ಮಾನಕ್ಕೆ ಬಿಡುವುದು.

ಈ ತೀರ್ಮಾನ ಒಂದು ಕಾಲದಲ್ಲಿ ಸ್ಥಳೀಯ ಮಾವೋರಿ ಜನರ ಕೈಯಲ್ಲೇ ಇತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಶ್ರೀಮಂತರು ಸಮುದ್ರ ದಾಟಿ ಬರುತ್ತಿದ್ದುದು ರೊಟೊಮಹಾನಾ ಸರೋವರದ ದಂಡೆಯ ಗುಲಾಬಿ ಮತ್ತು ಬಿಳಿ ಸೋಪಾನಗಳನ್ನು ನೋಡಲು. ಬಿಸಿನೀರಿನ ಸಿಲಿಕಾ ಪದರಪದರವಾಗಿ ಗಟ್ಟಿಗೊಂಡು ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬೋಗುಣಿಗಳನ್ನು ಕಟ್ಟಿತ್ತು. ಗುಲಾಬಿ ಸೋಪಾನದ ಬೋಗುಣಿಗಳಲ್ಲಿ ಪ್ರವಾಸಿಗರು ಮೀಯುತ್ತಿದ್ದರು. ಟೆ ವೈರೋವಾ ಹಳ್ಳಿಯಲ್ಲಿ ತಂಗಿ, ಟರವೆರಾ ಸರೋವರವನ್ನು ದೋಣಿಯಲ್ಲಿ ದಾಟಿ, ನಂತರ ನಡೆದು, ಮತ್ತೆ ಕಿರುದೋಣಿ ಹತ್ತಿ ತಲುಪಬೇಕು. ಹಾದಿಯ ದೋಣಿ, ಶುಲ್ಕ, ಮಾರ್ಗದರ್ಶನ ಎಲ್ಲವೂ ಟುಹೌರಂಗಿ ಬುಡಕಟ್ಟಿನವರದು. ಮಾರ್ಗದರ್ಶಿಗಳಲ್ಲಿ ಹೆಸರಾಗಿದ್ದವರು ಸೋಫಿಯಾ ಹಿನೆರಂಗಿ. ಮಾವೋರಿ ತಾಯಿ, ಸ್ಕಾಟಿಷ್ ತಂದೆಯ ಮಗಳಾದ ಆಕೆ ಎರಡೂ ಭಾಷೆಗಳನ್ನು ಬಲ್ಲವರು. ಯಾವ ಅಂಚು ಗಟ್ಟಿ, ಯಾವುದು ಬರೀ ಹೆಪ್ಪುಗಟ್ಟಿದ ತೊಗಟೆ ಎಂಬುದನ್ನು ಅರಿತು ಜನರನ್ನು ನಡೆಸುತ್ತಿದ್ದರು. 1886ರ ಮೇ 31ರಂದು ಆಕೆ ಕರೆದೊಯ್ದ ತಂಡ ಸರೋವರದ ಅಂಚಿನಲ್ಲಿ ನೀರಿನ ಮಟ್ಟ ಅಸಹಜವಾಗಿ ಏರಿಳಿದುದನ್ನು ಕಂಡಿತು. ಹನ್ನೊಂದನೆಯ ದಿನಕ್ಕೆ, ಜೂನ್ 10ರ ನಡುರಾತ್ರಿ ಕಳೆದ ಮೇಲೆ, ಟರವೆರಾ ಜ್ವಾಲಾಮುಖಿ ಬಿರಿಯಿತು. ಸುಮಾರು 17 ಕಿಲೋಮೀಟರ್ ಉದ್ದಕ್ಕೆ ನೆಲ ಸೀಳಿ, ಸೋಪಾನಗಳು ಕಣ್ಮರೆಯಾಗಿ, ಹಳ್ಳಿಗಳು ಕೆಸರು ಬೂದಿಯಡಿ ಹೂತುಹೋದವು. ಸತ್ತವರು ಸುಮಾರು 120 ಮಂದಿ. ಬಹುತೇಕ ಎಲ್ಲರೂ ಮಾವೋರಿಗಳು. ಸೋಫಿಯಾ ಅವರ ಇಳಿಜಾರು ಚಾವಣಿಯ ಮನೆ ಬೂದಿಯ ಭಾರಕ್ಕೆ ಕುಸಿಯದೆ ನಿಂತು, ಅದರೊಳಗೆ ಆಶ್ರಯ ಪಡೆದ ಅರವತ್ತಕ್ಕೂ ಹೆಚ್ಚು ಜನ ಉಳಿದರು. ನೀರಿನ ಏರಿಳಿತವನ್ನು ಕಂಡವರು ಸ್ಫೋಟವನ್ನು ಮುಂಗಂಡರು ಎಂದು ಹೇಳುವುದು ಸರಿಯಲ್ಲ. ಆದರೆ ನೆಲದ ನಿತ್ಯದ ವರ್ತನೆ ಗೊತ್ತಿದ್ದವರ ಕಣ್ಣಿಗೆ ಮಾತ್ರ ಅಸಹಜವೆಂಬುದು ಕಾಣುತ್ತದೆ ಎಂಬುದು ಈ ಘಟನೆಯಿಂದ ಸ್ಪಷ್ಟ.

ಬದುಕುಳಿದ ಟುಹೌರಂಗಿಗಳಿಗೆ ಫಕರೆವರೆವಾದ ಜನ ತಮ್ಮ ನೆಲದಲ್ಲೇ ಜಾಗ ಕೊಟ್ಟರು. ಸೋಫಿಯಾ ಅಲ್ಲಿ ಮತ್ತೆ ಮಾರ್ಗದರ್ಶಿಯಾದರು. ಮುಂದಿನ ತಲೆಮಾರಿನ ಮ್ಯಾಗಿ ಪಾಪಕುರಾ 1901ರಲ್ಲಿ ಬ್ರಿಟನ್ನಿನ ರಾಜಕುಮಾರ ದಂಪತಿಗೆ ಈ ಕಣಿವೆ ತೋರಿಸಿದರು. ಮುಂದೆ ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರ ಓದಿ ತನ್ನ ಜನರ ಬಾಳಿನ ಬಗ್ಗೆಯೇ ಬರೆದರು. ಈ ಪರಂಪರೆ ಇಂದಿಗೂ ಕಡಿದಿಲ್ಲ. ಫಕರೆವರೆವಾ ಹಳ್ಳಿಯಲ್ಲಿ ಮನೆಗಳ ನಡುವೆಯೇ ಹಬೆ ಏಳುತ್ತದೆ. ಪಾರೆಕೊಹುರು ಎಂಬ ಕುದಿಬಿಂದುವಿನ ಹತ್ತಿರದ ಕೊಳದಿಂದ ಕಿರುಗಾಲುವೆಗಳು ಕಲ್ಲಿನ ಸ್ನಾನದ ತೊಟ್ಟಿಗಳಿಗೆ ಹೋಗುತ್ತವೆ. ನೀರನ್ನು ತೊಟ್ಟಿಗೆ ಬಿಟ್ಟು, ಆರಲು ಕಾಯುತ್ತಾರೆ. ತಣ್ಣೀರು ಬೆರೆಸುವ ನಲ್ಲಿಯಿಲ್ಲ, ಕಾಲವೇ ಅದನ್ನು ಹದಕ್ಕೆ ತರಬೇಕು. ಅದೇ ಕೊಳದಲ್ಲಿ ಜೋಳದ ತೆನೆಯನ್ನು ಬಟ್ಟೆಯ ಚೀಲದಲ್ಲಿ ಇಳಿಬಿಟ್ಟು ಬೇಯಿಸುತ್ತಾರೆ. ಪಕ್ಕದ ಹಬೆಪೆಟ್ಟಿಗೆಯಲ್ಲಿ ಮಾಂಸ, ಗೆಡ್ಡೆಗಳು ಬೇಯುತ್ತವೆ. ಯಾವ ಕೊಳ ಅಡುಗೆಗೆ, ಯಾವುದು ಮೀಯಲು, ಯಾವುದರ ಹತ್ತಿರ ಮಕ್ಕಳು ಸುಳಿಯಕೂಡದು ಎಂಬ ವಿಂಗಡಣೆ ಅಲ್ಲಿ ಬಾಲ್ಯದಿಂದಲೇ ಮೈಗೂಡಿದ ಪಾಠ. ಸಂದರ್ಶಕರು ಬರುವ ಹೊತ್ತು ಬೇರೆ, ಮನೆಯವರು ಮೀಯುವ ಹೊತ್ತು ಬೇರೆ. ಹೊರಗಿನವರು ಇದನ್ನು ಸಂಪ್ರದಾಯವೆಂದು ಮೆಚ್ಚಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೋಡಬೇಕಾದ ಕಣ್ಣಿನಿಂದ ನೋಡಿದರೆ ಅದೊಂದು ಸುರಕ್ಷತಾ ವ್ಯವಸ್ಥೆ: ನಿರಾಕರಣೆಗಳ ಮೇಲೆ ನಿಂತ, ಪಾಲಿಸುವವರು ತಾವೇ ರೂಪಿಸಿಕೊಂಡ ವ್ಯವಸ್ಥೆ.

ಬಲ್ಲವರ ಮಾತಿಗೆ ಬಲವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹದಿನೈದು ಮೈಲಿಯಾಚೆಯ ವೈಮಾಂಗು ಕಣಿವೆ ಉತ್ತರ ಕೊಟ್ಟಿತು. 1886ರ ಬಿರುಕಿನಲ್ಲೇ ಹುಟ್ಟಿದ ವೈಮಾಂಗು ಚಿಮ್ಮುಬುಗ್ಗೆ 1900ರಿಂದ 1904ರವರೆಗೆ ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಕಪ್ಪು ಕೆಸರುನೀರು ಕೆಲವೊಮ್ಮೆ 400 ಮೀಟರ್ ಎತ್ತರಕ್ಕೆ ಹಾರುತ್ತಿತ್ತು. 1903ರ ಆಗಸ್ಟ್ 30ರಂದು ನಾಲ್ವರು ಫೋಟೊಗಾಗಿ ಅಂಚಿಗೆ ಹೋದರು. ಹಿಂದಕ್ಕೆ ಬನ್ನಿ ಎಂದು ಮಾರ್ಗದರ್ಶಿ ಆಲ್ಫ್ರೆಡ್ ವಾರ್ಬ್ರಿಕ್ ಹೇಳಿದ್ದರು. ಬುಗ್ಗೆ ಒಮ್ಮೆಲೇ ಸಿಡಿದು ನಾಲ್ವರನ್ನೂ ಕೊಚ್ಚಿಕೊಂಡು ಹೋಯಿತು. ಸತ್ತವರಲ್ಲಿ ಒಬ್ಬರು ಆಲ್ಫ್ರೆಡ್ ಅವರ ಸ್ವಂತ ತಮ್ಮ, ಹೆಸರಾಂತ ರಗ್ಬಿ ಆಟಗಾರ ಜೋ ವಾರ್ಬ್ರಿಕ್. ಜೋ ಕೂಡ ಆ ನೆಲವನ್ನು ಬಲ್ಲವರೇ. ಎಚ್ಚರಿಕೆ ಇತ್ತು, ಅನುಭವ ಇತ್ತು. ಎಚ್ಚರಿಕೆಯನ್ನು ಆಜ್ಞೆಯಾಗಿಸುವ ಅಧಿಕಾರ ಇರಲಿಲ್ಲ. ಗ್ರಾಹಕ ಇಷ್ಟಪಟ್ಟಲ್ಲಿ ನಿಲ್ಲಬಹುದು, ಮಾರ್ಗದರ್ಶಿ ಕೇಳಿಕೊಳ್ಳಬಹುದು ಎಂಬ ಸಂಬಂಧದಲ್ಲಿ ಮಾರ್ಗದರ್ಶಿ ಬರೀ ಬಾಡಿಗೆ ಸಂಗಾತಿಯಾಗಿಬಿಡುತ್ತಾನೆ.

ಜನರನ್ನು ಕೊಲ್ಲುವ ಅಪಾಯ ಕ್ಷಣದ್ದು. ನೆಲವನ್ನು ಕೊಲ್ಲುವ ಅಪಾಯ ನಿಧಾನದ್ದು. ಟೌಪೊ ಹತ್ತಿರದ ವೈರಾಕೆ ಕಣಿವೆ ಚಿಮ್ಮುಬುಗ್ಗೆಗಳಿಗೆ ಹೆಸರಾಗಿದ್ದ ಪ್ರವಾಸಿತಾಣ. 1958ರಲ್ಲಿ ಅಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಆರಂಭವಾಯಿತು. ತಂತ್ರಜ್ಞಾನದ ದೃಷ್ಟಿಯಿಂದ ಜಗತ್ತೇ ತಿರುಗಿ ನೋಡಿದ ಸಾಧನೆ ಅದು. ಆಳದ ಬಿಸಿನೀರನ್ನು ಎಳೆದಂತೆಲ್ಲ ಒತ್ತಡ ಕುಸಿಯಿತು, ಚಿಮ್ಮುಬುಗ್ಗೆಗಳು ಒಂದೊಂದಾಗಿ ನಿಂತವು, ನೆಲ ಕೆಲವೆಡೆ ಹತ್ತು ಮೀಟರಿಗೂ ಹೆಚ್ಚು ತಗ್ಗಿತು. 1970ರ ದಶಕದ ಆರಂಭಕ್ಕೆ ನೋಡಲು ಏನೂ ಉಳಿಯದೆ ಕಣಿವೆಯನ್ನು ಪ್ರವಾಸಿಗರಿಗೆ ಮುಚ್ಚಬೇಕಾಯಿತು. 1961ರಲ್ಲಿ ವೈಕಾಟೊ ನದಿಗೆ ಕಟ್ಟಿದ ಒಹಾಕುರಿ ಅಣೆಕಟ್ಟಿನ ಹಿನ್ನೀರು ಒರಾಕೆ ಕೊರಾಕೊದ ಎಪ್ಪತ್ತರಷ್ಟು ಚಿಮ್ಮುಬುಗ್ಗೆಗಳನ್ನೂ ಇನ್ನೂರರಷ್ಟು ಬಿಸಿ ಬುಗ್ಗೆಗಳನ್ನೂ ಮುಳುಗಿಸಿತು. ಎರಡೂ ಕಡೆ ನಡೆದದ್ದು ಕಾನೂನುಬದ್ಧ ಕೆಲಸ, ರಾಷ್ಟ್ರದ ಒಳಿತಿನ ಹೆಸರಿನಲ್ಲಿ. ಆದರೆ ಬುಗ್ಗೆಗಳ ಜೊತೆ ತಲೆಮಾರುಗಳಿಂದ ಬದುಕಿದವರಿಗೆ ‘ಬೇಡ’ ಎನ್ನುವ ಸ್ಥಾನ ತೀರ್ಮಾನದ ಮೇಜಿನಲ್ಲಿ ಇರಲಿಲ್ಲ.

ಹೇಳಿದಾಗ, ಹೇಳಿದ್ದು ನಡೆದಾಗ ಏನಾಗುತ್ತದೆ ಎಂಬುದನ್ನು ರೊಟೊರುವಾ ಪಟ್ಟಣವೇ ತೋರಿಸಿದೆ. ಮನೆ, ಹೋಟೆಲು, ಕಚೇರಿಗಳನ್ನು ಬೆಚ್ಚಗಿಡಲು, ಸ್ನಾನಕ್ಕೆ ನೀರು ಪಡೆಯಲು ಅಲ್ಲಿನ ಜನ ನೂರಾರು ಕೊಳವೆ ಬಾವಿ ಕೊರೆದಿದ್ದರು. ಇಂಧನ ದುಬಾರಿಯಾದ 1970ರ ದಶಕದಲ್ಲಿ ಅದು ಇನ್ನೂ ಹೆಚ್ಚಿತು. ಫಕರೆವರೆವಾದ ಬುಗ್ಗೆಗಳು ಸೊರಗತೊಡಗಿದವು. ಹೆಚ್ಚುಕಡಿಮೆ ಬಿಡುವಿಲ್ಲದೆ ಚಿಮ್ಮುತ್ತಿದ್ದ ಪಾಪಕುರಾ ಚಿಮ್ಮುಬುಗ್ಗೆ 1979ರಲ್ಲಿ ನಿಂತೇ ಹೋಯಿತು. ಕೊನೆಗೆ 1986ರಲ್ಲಿ ಸರ್ಕಾರ ಪೊಹುಟುವಿನಿಂದ ಒಂದೂವರೆ ಕಿಲೋಮೀಟರ್ ಒಳಗಿನ ಎಲ್ಲ ಬಾವಿಗಳನ್ನು ಮುಚ್ಚಿಸಲು ಆದೇಶಿಸಿತು. ನೂರಕ್ಕೂ ಹೆಚ್ಚು ಬಾವಿ ಮುಚ್ಚಿದವು, ಉಳಿದವರ ಬಳಕೆಗೆ ಶುಲ್ಕ ಬಿತ್ತು. ಮನೆಮಾಲೀಕರು ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆದೇಶ ನಿಂತಿತು. ಅಂತರ್ಜಲದ ಒತ್ತಡ ಚೇತರಿಸಿಕೊಂಡಿತು, ಬತ್ತಿದ್ದ ಬುಗ್ಗೆಗಳು ಮರಳಿದವು, 36 ವರ್ಷ ಮೌನವಾಗಿದ್ದ ಪಾಪಕುರಾ 2015ರಲ್ಲಿ ಮತ್ತೆ ಚಿಮ್ಮಿತು. ಕೋಲಾರ, ಚಿತ್ರದುರ್ಗದ ಕಡೆಯ ಓದುಗರಿಗೆ ಈ ಕತೆಯ ಮೊದಲರ್ಧವನ್ನು ವಿವರಿಸಿ ಹೇಳಬೇಕಿಲ್ಲ. ಪಕ್ಕದ ಹೊಲದಲ್ಲಿ ಕೊರೆದ ಆಳದ ಬಾವಿ ನಮ್ಮ ತೆರೆದ ಬಾವಿಯನ್ನು ಹೇಗೆ ಒಣಗಿಸುತ್ತದೆ ಎಂಬುದು ಇಲ್ಲಿನವರ ನಿತ್ಯದ ಅನುಭವ. ನಮಗೆ ಅಪರಿಚಿತವಾದದ್ದು ಕತೆಯ ಎರಡನೆಯ ಅರ್ಧ: ಒಂದು ಸರ್ಕಾರ ಗಡಿ ಎಳೆದು ಬಾವಿ ಮುಚ್ಚಿಸಿತು, ನೀರು ಮರಳಿತು.

ಇನ್ನು ವೇಳಾಪಟ್ಟಿಯ ಮಾತು. ವೈ-ಒ-ಟಾಪು ಎಂಬಲ್ಲಿ ಲೇಡಿ ನಾಕ್ಸ್ ಚಿಮ್ಮುಬುಗ್ಗೆಯನ್ನು ದಿನಾ ಬೆಳಿಗ್ಗೆ 10.15ಕ್ಕೆ ಸಾಬೂನು ಹಾಕಿ ಚಿಮ್ಮಿಸುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಕೈದಿಗಳಿಗೆ ಅಕಸ್ಮಾತ್ತಾಗಿ ತಿಳಿದ ಗುಟ್ಟು ಇದು: ಸಾಬೂನು ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸಿದಾಗ ಕುದಿತ ಬೇಗ ಮೊದಲಾಗುತ್ತದೆ. ಬಸ್ಸುಗಳು ಆ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತವೆ. ಇದರಿಂದ ಮಕ್ಕಳಿಗೆ ಪಾಠವೂ ಆಗುತ್ತದೆ ಎಂಬುದನ್ನು ಒಪ್ಪೋಣ. ಆದರೆ ಪ್ರವಾಸಿಗನ ಮನಸ್ಸಿನಲ್ಲಿ ಅದು ಬಿತ್ತುವ ನಂಬಿಕೆ ಅಪಾಯಕಾರಿ. ಟಿಕೆಟ್ ಮೇಲೆ ಅಚ್ಚಾದ ಹೊತ್ತಿಗೆ ಜ್ವಾಲಾಮುಖಿಯ ನೆಲ ಪ್ರದರ್ಶನ ಕೊಡಬೇಕು, ಕೊಡುತ್ತದೆ ಎಂಬ ನಂಬಿಕೆ ಅದು. ಅದೇ ಕಣಿವೆಯ ಶಾಂಪೇನ್ ಕೊಳದ ಅಂಚಿನ ಕಿತ್ತಳೆ ಬಣ್ಣ ಆರ್ಸೆನಿಕ್, ಆಂಟಿಮನಿ ಸಂಯುಕ್ತಗಳದು. ನೀರಿನ ಶಾಖ ಎಪ್ಪತ್ತು ಡಿಗ್ರಿ ದಾಟುತ್ತದೆ. ಕೊಳ ಹುಟ್ಟಿದ್ದೇ ಸುಮಾರು 900 ವರ್ಷಗಳ ಹಿಂದಿನ ಹಬೆಸ್ಫೋಟದಲ್ಲಿ. ಅಲ್ಲಿ ಹಲಗೆಯ ಹಾದಿ ಬಿಟ್ಟು ಇಳಿಯುವ ಪ್ರವಾಸಿಗನನ್ನು ಕಾಯುವುದು ಫಲಕವಲ್ಲ, ತಡೆಯುವ ಮನುಷ್ಯ.

ಈ ನಂಬಿಕೆಯ ಪರಿಣಾಮ ಎಷ್ಟು ಘೋರವಾಗಬಹುದು ಎಂಬುದು 2019ರ ಡಿಸೆಂಬರ್ 9ರಂದು ಗೊತ್ತಾಯಿತು. ತೀರದಿಂದ ಸುಮಾರು 48 ಕಿಲೋಮೀಟರ್ ದೂರದ ಫಕಾರಿ ದ್ವೀಪ ಸಕ್ರಿಯ ಜ್ವಾಲಾಮುಖಿಯ ತುದಿ. ಅದರ ಕುಳಿಯೊಳಗೆ ಪ್ರವಾಸಿಗರನ್ನು ನಡೆಸುವ ಅರ್ಧ ದಿನದ ಪ್ರವಾಸ ವರ್ಷಗಳಿಂದ ನಡೆಯುತ್ತಿತ್ತು. ನವೆಂಬರ್ 18ರಂದು ವಿಜ್ಞಾನಿಗಳು ಎಚ್ಚರಿಕೆಯ ಮಟ್ಟವನ್ನು ಒಂದರಿಂದ ಎರಡಕ್ಕೆ ಏರಿಸಿದ್ದರು. ಐದರವರೆಗಿನ ಆ ಅಳತೆಯಲ್ಲಿ ಸ್ಫೋಟವಿಲ್ಲದ ಸ್ಥಿತಿಯ ಅತಿ ಮೇಲಿನ ಮಟ್ಟ ಅದು. ಪ್ರವಾಸಗಳು ನಿಲ್ಲಲಿಲ್ಲ. ಡಿಸೆಂಬರ್ 9ರ ಮಧ್ಯಾಹ್ನ 2.11ಕ್ಕೆ ಕುಳಿ ಸಿಡಿದಾಗ ದ್ವೀಪದಲ್ಲಿ 47 ಜನರಿದ್ದರು. 22 ಮಂದಿ ಸತ್ತರು, ಅವರಲ್ಲಿ ಇಬ್ಬರು ಮಾರ್ಗದರ್ಶಿಗಳು. ಉಳಿದ 25 ಮಂದಿಯೂ ಗಾಯಗೊಂಡರು, ಹಲವರು ಬದುಕಿಡೀ ಹೊರಬೇಕಾದ ಸುಟ್ಟಗಾಯಗಳೊಂದಿಗೆ. ಅನೇಕರು ವಿಹಾರನೌಕೆಯಿಂದ ಒಂದು ದಿನದ ಮಟ್ಟಿಗೆ ಇಳಿದು ಬಂದವರು. ಕಾಯ್ದಿರಿಸುವಾಗ ಎಚ್ಚರಿಕೆಯ ಮಟ್ಟ ಏರಿದ್ದನ್ನು ತಮಗೆ ಯಾರೂ ಹೇಳಿರಲಿಲ್ಲ ಎಂಬುದು ಬದುಕಿದವರಲ್ಲಿ ಹಲವರ ಅಳಲು. ನಂತರ 13 ಸಂಸ್ಥೆ ಹಾಗೂ ವ್ಯಕ್ತಿಗಳ ಮೇಲೆ ಮೊಕದ್ದಮೆ ಹೂಡಲಾಯಿತು. 2024ರಲ್ಲಿ ನ್ಯಾಯಾಲಯ ಒಂದು ಕೋಟಿ ನ್ಯೂಜಿಲೆಂಡ್ ಡಾಲರಿಗೂ ಮಿಕ್ಕ ಪರಿಹಾರಕ್ಕೆ ಆದೇಶಿಸಿತು. ದ್ವೀಪದ ಒಡೆತನದ ಕಂಪನಿಗೆ ಆಗಿದ್ದ ಶಿಕ್ಷೆಯನ್ನು 2025ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಪ್ರವೇಶಕ್ಕೆ ಅನುಮತಿ ಕೊಟ್ಟು ಹಣ ಪಡೆದ ಮಾತ್ರಕ್ಕೆ ಅಲ್ಲಿನ ದಿನನಿತ್ಯದ ಸುರಕ್ಷತೆಯ ಹೊಣೆ ಮಾಲೀಕರ ಮೇಲೆ ಬರುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಕಾನೂನಿನ ಸರಿತಪ್ಪನ್ನು ನ್ಯಾಯಾಲಯಕ್ಕೆ ಬಿಡೋಣ. ಸಾಮಾನ್ಯ ಓದುಗನಿಗೆ ಕಾಣುವ ಸಂಗತಿ ಇದು: ಮಾಲೀಕ, ಪ್ರವಾಸ ಸಂಸ್ಥೆ, ನೌಕೆ, ವಿಜ್ಞಾನಿ, ನಿಯಂತ್ರಕ ಹೀಗೆ ಇಷ್ಟೊಂದು ಕೈಗಳಿದ್ದರೂ ‘ಇವತ್ತು ಬೇಡ’ ಎಂದು ಹೇಳುವುದು ಯಾರ ಕರ್ತವ್ಯ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ.

ಇಲ್ಲಿ ಆಕ್ಷೇಪಗಳು ಏಳುತ್ತವೆ, ಏಳಬೇಕು ಕೂಡ. ಮೊದಲನೆಯದು: ಭೂಕಂಪಮಾಪಕ, ಅನಿಲಮಾಪಕ, ಉಪಗ್ರಹಗಳ ಕಾಲದಲ್ಲಿ ಸ್ಥಳೀಯ ಮಾರ್ಗದರ್ಶಿಯ ಅಂದಾಜಿಗೇಕೆ ಮಣೆ? ವಿಜ್ಞಾನವನ್ನು ಬದಿಗಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಉಪಕರಣಗಳು ಹೇಳುವುದು ಸಾಧ್ಯತೆಯನ್ನು, ಹೋಗಬೇಕೋ ಬೇಡವೋ ಎಂಬುದನ್ನಲ್ಲ. ಜಪಾನಿನ ಒಂಟಾಕೆ ಪರ್ವತ 2014ರ ಸೆಪ್ಟೆಂಬರ್ 27ರಂದು ಸಿಡಿದು ಸತ್ತವರು, ಕಾಣೆಯಾದವರು ಸೇರಿ 63 ಜನರನ್ನು ಬಲಿ ಪಡೆದಾಗ ಅಲ್ಲಿ ಇದ್ದದ್ದು ಅತಿ ಕೆಳಗಿನ ಎಚ್ಚರಿಕೆಯ ಮಟ್ಟ. ಹಬೆಯ ಒತ್ತಡದಿಂದಾಗುವ ಇಂಥ ಸ್ಫೋಟಗಳಿಗೆ ನಿಮಿಷಗಳ ಮುನ್ಸೂಚನೆಯೂ ಸಿಗದಿರಬಹುದು ಎನ್ನುವವರು ವಿಜ್ಞಾನಿಗಳೇ. ಮಾಪನ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯನ್ನು ಮುಂದಿಟ್ಟುಕೊಂಡು ನಲವತ್ತು ಜನರ ತಂಡವನ್ನು ವಾಪಸು ಕಳಿಸುವ ನಿರ್ಧಾರ ಮನುಷ್ಯನದೇ. ಆ ಮನುಷ್ಯನಿಗೆ ನೆಲದ ನಿತ್ಯದ ಪರಿಚಯವೂ ವಿಜ್ಞಾನಿಗಳ ವರದಿಯೂ ಎರಡೂ ಕೈಯಲ್ಲಿರಬೇಕು, ನಿರ್ಧಾರದಿಂದ ಅವನ ದಿನದ ಕೂಲಿ ಕಡಿತವಾಗಬಾರದು.

ಎರಡನೆಯ ಆಕ್ಷೇಪ: ವಯಸ್ಕರಿಗೆ ತಮ್ಮ ಅಪಾಯವನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ, ಪರ್ವತಾರೋಹಿಯನ್ನು ತಡೆಯದ ನಾವು ಜ್ವಾಲಾಮುಖಿ ನೋಡುವವನನ್ನು ಏಕೆ ತಡೆಯಬೇಕು? ಆಯ್ಕೆಗೆ ಮೊದಲು ಮಾಹಿತಿ ಬೇಕು. ಹಿಮಾಲಯ ಏರುವವನು ತಿಂಗಳುಗಟ್ಟಲೆ ತಯಾರಾಗುತ್ತಾನೆ, ತನ್ನ ಮುಂದಿರುವುದೇನೆಂದು ಅವನಿಗೆ ಗೊತ್ತು. ಹಡಗಿನ ವಿಹಾರಪಟ್ಟಿಯಲ್ಲಿ ವೈನ್ ರುಚಿ ನೋಡುವ ಕಾರ್ಯಕ್ರಮದ ಪಕ್ಕದಲ್ಲೇ ಜ್ವಾಲಾಮುಖಿಯ ಕುಳಿಯನ್ನು ಆರಿಸಿಕೊಂಡವನಿಗೆ ಅದು ಗೊತ್ತಿರುವುದಿಲ್ಲ. ಬಿಸಿನೀರಿನ ಸ್ನಾನದಲ್ಲೂ ಇದೇ ಮಾತು. ನ್ಯೂಜಿಲೆಂಡಿನ ನೈಸರ್ಗಿಕ ಬಿಸಿ ಕೊಳಗಳಲ್ಲಿ ತಲೆ ಮುಳುಗಿಸಬೇಡಿ ಎಂಬ ಸೂಚನೆ ಇರುವುದು ಮೂಗಿನ ಮೂಲಕ ಮಿದುಳಿಗೆ ಸೇರಿ ಕೊಲ್ಲಬಲ್ಲ ಅಮೀಬಾದಿಂದಾಗಿ. ಗಾಳಿಯಾಡದ ಸ್ನಾನದ ಕೋಣೆಯಲ್ಲಿ ತುಂಬುವ ಹೈಡ್ರೋಜನ್ ಸಲ್ಫೈಡ್‌ನಿಂದ ರೊಟೊರುವಾದಲ್ಲಿ ಸಾವುಗಳೂ ಆಗಿವೆ. ಕೊಳೆತ ಮೊಟ್ಟೆಯ ವಾಸನೆ ಹೆಚ್ಚಾದಾಗ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ ಎಂಬುದು ಹೊರಗಿನವನಿಗೆ ಹೇಗೆ ತಿಳಿಯಬೇಕು? ಹೇಳುವವರು ಬೇಕು. ಅಲ್ಲದೆ, ಅಪಾಯವನ್ನು ಆರಿಸಿಕೊಳ್ಳುವುದು ಪ್ರವಾಸಿಗನೊಬ್ಬನೇ ಅಲ್ಲ. ಅವನ ಜೊತೆ ಮಾರ್ಗದರ್ಶಿ ಹೋಗುತ್ತಾನೆ, ಅವನನ್ನು ಹೊತ್ತು ತರಲು ಹೆಲಿಕಾಪ್ಟರ್ ಚಾಲಕ ಬೂದಿಯೊಳಗೆ ಇಳಿಯುತ್ತಾನೆ. ಫಕಾರಿಯಲ್ಲಿ ಹಾಗೆ ಇಳಿದವರು ಹಲವರನ್ನು ಉಳಿಸಿದರು.

ಮೂರನೆಯದು ಹಣದ ಆಕ್ಷೇಪ: ಹೀಗೆ ಮಾತುಮಾತಿಗೆ ನಿಲ್ಲಿಸಿದರೆ ಪ್ರವಾಸೋದ್ಯಮ ಉಳಿಯುವುದೇ? ಐಸ್‌ಲ್ಯಾಂಡಿನ ಉದಾಹರಣೆ ಉತ್ತರ ಕೊಡುತ್ತದೆ. ಅಲ್ಲಿನ ಬ್ಲೂ ಲಗೂನ್ ಸ್ನಾನತಾಣಕ್ಕೆ ನೀರು ಬರುವುದು ಪಕ್ಕದ ಭೂಶಾಖ ವಿದ್ಯುತ್ ಸ್ಥಾವರದಿಂದ. 2023ರ ನವೆಂಬರಿನಲ್ಲಿ ಭೂಕಂಪಗಳ ಸರಣಿ ತೀವ್ರವಾದಾಗ ಅದನ್ನು ಮುಚ್ಚಲಾಯಿತು. ಮರುದಿನವೇ ಪಕ್ಕದ ಗ್ರಿಂಡಾವಿಕ್ ಪಟ್ಟಣವನ್ನು ಖಾಲಿ ಮಾಡಿಸಲಾಯಿತು. ಡಿಸೆಂಬರಿನಿಂದ ಒಂದರ ಮೇಲೊಂದು ಲಾವಾ ಸ್ಫೋಟಗಳಾದವು, 2024ರ ನವೆಂಬರಿನಲ್ಲಿ ಲಾವಾ ವಾಹನ ನಿಲುಗಡೆಯ ಜಾಗವನ್ನೇ ನುಂಗಿತು. ಪ್ರತಿ ಸಲವೂ ಮುಚ್ಚಿದರು, ಜನರನ್ನು ಕಳಿಸಿದರು, ನಿಂತ ಮೇಲೆ ತೆರೆದರು. ಪ್ರವಾಸಿಗರು ಮರಳಿ ಬಂದರು. ಫಕಾರಿಯಲ್ಲಿ ಮಾತ್ರ ಕುಳಿಯ ಪ್ರವಾಸ ಒಂದೇ ಮಧ್ಯಾಹ್ನದಲ್ಲಿ ಶಾಶ್ವತವಾಗಿ ಕೊನೆಗೊಂಡಿತು. ನಿರಾಕರಣೆ ಉದ್ಯಮಕ್ಕೆ ನಷ್ಟ ತರುವುದು ದಿನಗಳ ಲೆಕ್ಕದಲ್ಲಿ, ನಿರ್ಲಕ್ಷ್ಯ ನಷ್ಟ ತರುವುದು ತಲೆಮಾರಿನ ಲೆಕ್ಕದಲ್ಲಿ.

ನಾಲ್ಕನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಸ್ಥಳೀಯರು ಎಂದ ಮಾತ್ರಕ್ಕೆ ಅವರಿಗೆ ಸ್ವಾರ್ಥವಿಲ್ಲವೇ? ಟುಹೌರಂಗಿಗಳು ದುಬಾರಿ ಶುಲ್ಕ ವಸೂಲಿ ಮಾಡುತ್ತಾರೆ ಎಂದು ಅಂದಿನ ಪ್ರವಾಸಿಗರೂ ದೂರುತ್ತಿದ್ದರು. ವಸಾಹತು ಸರ್ಕಾರ 1881ರಲ್ಲಿ ಬಿಸಿ ಬುಗ್ಗೆಗಳ ಪ್ರದೇಶಕ್ಕಾಗಿಯೇ ಕಾಯ್ದೆ ತಂದು ಆ ಭೂಮಿಯ ಮೇಲೆ ಹಿಡಿತ ಸಾಧಿಸಲು ಹೊರಟಿತು. ಬುಗ್ಗೆಗಳನ್ನು ನಾಡಿನ ಒಳಿತಿಗೆ ಬಳಸುವುದು ಅದರ ಸಮರ್ಥನೆಯಾಗಿತ್ತು. ಸ್ಥಳೀಯರಿಗೂ ಹಣ ಬೇಕು, ಅವರೂ ತಪ್ಪಬಲ್ಲರು, ನಿಜ. ವ್ಯತ್ಯಾಸವಿರುವುದು ಪರಿಣಾಮವನ್ನು ಯಾರು ಹೊರುತ್ತಾರೆ ಎಂಬುದರಲ್ಲಿ. ಬಸ್ಸಿನ ಕಂಪನಿ ಬುಗ್ಗೆ ಬತ್ತಿದರೆ ಇನ್ನೊಂದು ಕಣಿವೆಗೆ ಬಸ್ಸು ತಿರುಗಿಸುತ್ತದೆ. ಅದೇ ಬುಗ್ಗೆಯಲ್ಲಿ ಅಡುಗೆ ಮಾಡುವವರಿಗೆ, ಅದರ ನೀರಿನಲ್ಲಿ ಮಕ್ಕಳನ್ನು ಮೀಯಿಸುವವರಿಗೆ ಹೋಗಲು ಬೇರೆ ಕಣಿವೆ ಇಲ್ಲ. ನಾಳೆಯೂ ಇಲ್ಲೇ ಬದುಕಬೇಕಾದವರ ಸ್ವಾರ್ಥ ಇಂದೇ ಹೊರಟು ಹೋಗುವವರ ಸ್ವಾರ್ಥಕ್ಕಿಂತ ನೆಲಕ್ಕೆ ಹಿತವಾದದ್ದು. ಅದರ ಮೇಲೆ ಸಾರ್ವಜನಿಕ ನಿಗಾ ಇರಲಿ, ವಿಜ್ಞಾನದ ತಪಾಸಣೆ ಇರಲಿ. ತೀರ್ಮಾನದ ಮೊದಲ ಹಕ್ಕು ಮಾತ್ರ ಅವರದಾಗಿರಲಿ.

ಕೊನೆಯದಾಗಿ, ಹವಾಮಾನ ಬದಲಾವಣೆಯ ಈ ಹೊತ್ತಿನಲ್ಲಿ ಶುದ್ಧ ವಿದ್ಯುತ್ತನ್ನು ಬಿಟ್ಟು ಬಿಸಿನೀರಿನ ಸ್ನಾನವನ್ನು ಉಳಿಸಬೇಕೇ ಎಂಬ ಪ್ರಶ್ನೆ. ಎರಡರಲ್ಲೊಂದು ಎಂಬ ಸ್ಥಿತಿ ಇಲ್ಲ ಎಂಬುದನ್ನು ನ್ಯೂಜಿಲೆಂಡ್ ತಾನೇ ವೈರಾಕೆಯ ಪಾಠದಿಂದ ಕಲಿತಿದೆ. ಇಂದು ವೈಕಾಟೊ ಪ್ರಾಂತದಲ್ಲಿ ಭೂಶಾಖದ ಕ್ಷೇತ್ರಗಳನ್ನು ವಿಂಗಡಿಸಲಾಗಿದೆ: ಕೆಲವು ವಿದ್ಯುತ್ತಿಗೆ, ಕೆಲವು ಸಂಪೂರ್ಣ ರಕ್ಷಣೆಗೆ. ವೈರಾಕೆ ಮೊದಲ ಪಟ್ಟಿಯಲ್ಲಿದೆ, ಒರಾಕೆ ಕೊರಾಕೊದಲ್ಲಿ ಉಳಿದಿರುವ ಬುಗ್ಗೆಗಳು ಎರಡನೆಯದರಲ್ಲಿ. ಮೊಕಾಯ್ ವಿದ್ಯುತ್ ಸ್ಥಾವರದಲ್ಲಿ ಮಾವೋರಿ ಭೂಮಾಲೀಕರ ಟ್ರಸ್ಟಿನದೇ ಬಹುಪಾಲು ಒಡೆತನ. ‘ಬೇಡ’ ಎನ್ನುವ ಹಕ್ಕು ಇದ್ದವರು ಎಲ್ಲಕ್ಕೂ ಬೇಡ ಎನ್ನುವುದಿಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಆರಿಸುತ್ತಾರೆ.

ಹಾಗಾದರೆ ಆಗಬೇಕಾದದ್ದೇನು? ಜ್ವಾಲಾಮುಖಿಯ ನೆಲಕ್ಕೆ ಕರೆದೊಯ್ಯುವ ಪ್ರತಿ ಟಿಕೆಟ್ಟಿನ ಜೊತೆ ಅಂದಿನ ಎಚ್ಚರಿಕೆಯ ಮಟ್ಟವನ್ನೂ ಅದರ ಅರ್ಥವನ್ನೂ ಪ್ರವಾಸಿಗನ ಭಾಷೆಯಲ್ಲಿ ಕೊಡುವುದು ಕಡ್ಡಾಯವಾಗಲಿ. ನ್ಯೂಜಿಲೆಂಡ್ 2024ರಿಂದ ನೈಸರ್ಗಿಕ ಅಪಾಯಗಳನ್ನು ಮುಂಚೆಯೇ ತಿಳಿಸುವ ಹೊಣೆಯನ್ನು ಬಿಗಿಗೊಳಿಸಿರುವುದು ಆ ದಿಕ್ಕಿನ ಹೆಜ್ಜೆ. ಆ ದಿನ ಪ್ರವಾಸ ನಿಲ್ಲಿಸುವ ಅಧಿಕಾರ ಯಾರದೆಂಬುದು ಕಾಗದದ ಮೇಲಿರಲಿ. ನಿಲ್ಲಿಸಿದರೆ ಪ್ರವಾಸಿಗನಿಗೆ ಪೂರ್ತಿ ಹಣ, ಮಾರ್ಗದರ್ಶಿಗೆ ಪೂರ್ತಿ ಕೂಲಿ ಸಿಗಲಿ. ಹೀಗಾದಾಗ ಮಾತ್ರ ನಿರಾಕರಣೆಗೆ ಧೈರ್ಯ ಬರುತ್ತದೆ. ಒಂದು ದಿನಕ್ಕೆ ಎಷ್ಟು ಜನ ಎಂಬ ಮಿತಿಯನ್ನು ಸ್ಥಳೀಯರು ನಿಗದಿಪಡಿಸಲಿ. ನಮಗೆ ಇದು ತೀರ ಹೊಸದೇನಲ್ಲ. ಕುಮಾರ ಪರ್ವತದ ಚಾರಣಕ್ಕೆ ಅರಣ್ಯ ಇಲಾಖೆ ದಿನದ ಮಿತಿ, ಮುಂಗಡ ನೋಂದಣಿ ತಂದಿದೆ. ಕೋಟ್ಯಂತರ ವರ್ಷಗಳ ಹಿಂದಿನ ಲಾವಾ ಕಂಬಗಳಾಗಿ ನಿಂತಿರುವ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಈ ತಡೆಗಳನ್ನು ನಾವು ಬೈದುಕೊಂಡೇ ಒಪ್ಪುತ್ತೇವೆ; ಮನಸಾರೆ ಒಪ್ಪುವ ಕಾಲ ಬರಬೇಕು.

ಈ ವಿಷಯದಲ್ಲಿ ಪ್ರವಾಸಿಗನ ಕೈಯಲ್ಲೂ ಶಕ್ತಿಯಿದೆ. ಆಕ್ಲೆಂಡಿನಿಂದಾಗಲಿ, ಬಾಲಿಯಿಂದಾಗಲಿ, ರೇಕ್ಯಾವಿಕ್‌ನಿಂದಾಗಲಿ ಒಂದು ದಿನದ ಜ್ವಾಲಾಮುಖಿ ಪ್ರವಾಸ ಕಾಯ್ದಿರಿಸುವ ಕನ್ನಡಿಗ ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಲಿ: ಇವತ್ತಿನ ಎಚ್ಚರಿಕೆಯ ಮಟ್ಟ ಎಷ್ಟು, ಕರೆದೊಯ್ಯುವವರು ಆ ನೆಲದವರೇ, ಅವರು ಹಿಂತಿರುಗಿ ಎಂದರೆ ನನ್ನ ಹಣ ಏನಾಗುತ್ತದೆ? ತಡವರಿಸದೆ ಉತ್ತರ ಕೊಡುವವರಿಗೇ ಹಣ ಕೊಡಲಿ. ಹೋದ ದಿನ ಪೊಹುಟು ಚಿಮ್ಮದಿರಬಹುದು, ಹಾದಿ ಮುಚ್ಚಿರಬಹುದು, ಸ್ನಾನ ರದ್ದಾಗಬಹುದು. ಹಾಗಾದರೆ ಮೋಸ ಹೋದೆವೆಂದು ಜಗಳಕ್ಕೆ ನಿಲ್ಲುವುದು ಬೇಡ. ನಾವು ಹಣ ತೆತ್ತ ಸೇವೆ ಅಂದು ಪೂ‌ರ್ತಿಯಾಗಿ ಸಂದಿರುತ್ತದೆ.